ಡೆಂಗಿ ಜ್ವರ ಇಳಿದ ಮೇಲೆ ಮೂತ್ರಪಿಂಡದ ಕಡೆ ಗಮನವಿರಲಿ



ಮಳೆಗಾಲ ಬಂತೆಂದರೆ ತೋಟದ ರೋಗಗಳ ಜೊತೆಗೆ ಮನೆಮಂದಿಯ ಜ್ವರದ ಚಿಂತೆಯೂ ಸೇರುತ್ತದೆ. 2024ರಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದನ್ನು ತಾವು ಬಲ್ಲಿರಿ. ಈ ಜ್ವರ ಬಂದಾಗ ನಾವೆಲ್ಲರೂ ಕೇಳುವುದು ಪ್ಲೇಟ್‌ಲೆಟ್ ಎಷ್ಟಿದೆ ಎಂದು. ರೋಗಿಗೆ ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂದು ಕೇಳುವವರು ಕಡಿಮೆ.

ಡೆಂಗಿ ವೈರಸ್ಸಿನಿಂದ ಬರುವ ರೋಗ. ಬಹುಪಾಲು ಜನ ಗುಣಹೊಂದುತ್ತಾರೆ. ಕೆಲವರಿಗೆ ಮಾತ್ರ, ಸಾಮಾನ್ಯವಾಗಿ 3ರಿಂದ 7ನೆಯ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೇ ಅಪಾಯ ಒದಗುತ್ತದೆ. ಸಣ್ಣ ರಕ್ತನಾಳಗಳಿಂದ ರಕ್ತದ ನೀರಿನಂಶ ಹೊರಕ್ಕೆ ಜಿನುಗಿ ರಕ್ತದೊತ್ತಡ ಕುಸಿಯುತ್ತದೆ. ಪಂಪಿನ ಒತ್ತಡ ಇಳಿದರೆ ಸಾಲಿನ ಕೊನೆಯ ಗಿಡಕ್ಕೆ ನೀರು ಮುಟ್ಟದಲ್ಲವೇ? ಹಾಗೆಯೇ ಮೂತ್ರಪಿಂಡಗಳಿಗೆ ರಕ್ತ ಸಾಲದಾಗುತ್ತದೆ. ಶೋಧನೆ ನಿಂತು ಕಶ್ಮಲವು ರಕ್ತದಲ್ಲೇ ಉಳಿಯುತ್ತದೆ. ಜ್ವರ ಬಿಟ್ಟಿತೆಂದು ನಾವು ತೋಟಕ್ಕೆ ಹೊರಡುವುದೂ ಇದೇ ದಿನಗಳಲ್ಲಿ!

ಆದ್ದರಿಂದ ಈ ಕೆಳಗಿನವನ್ನು ನೆನಪಿಡಬೇಕು.

1. ನಾಲ್ಕರಿಂದ ಆರು ಗಂಟೆ ಮೂತ್ರವಾಗದಿದ್ದರೆ, ವಿಪರೀತ ಹೊಟ್ಟೆನೋವು, ಪದೇ ಪದೇ ವಾಂತಿ, ರಕ್ತಸ್ರಾವ, ಕೈಕಾಲು ತಣ್ಣಗಾಗುವುದು, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆಮಾಡಿ.

2. ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ತಂದು ನುಂಗಬಾರದು. ಇವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಮೊದಲಿನ ಎರಡು ಮೂತ್ರಪಿಂಡಕ್ಕೂ ಕೆಡುಕು. ವೈದ್ಯರು ಹೇಳಿದಷ್ಟು ಪ್ಯಾರಸಿಟಮಾಲ್ ಸಾಕು.

3. ಗಂಜಿ, ಮಜ್ಜಿಗೆ, ಓಆರ್‌ಎಸ್ ನೀರನ್ನು ಆಗಾಗ ಕುಡಿಸಬೇಕು. ಮೊದಲೇ ಮೂತ್ರಪಿಂಡದ ತೊಂದರೆ ಇದ್ದವರು ಎಳನೀರಿಗೂ ವೈದ್ಯರನ್ನು ಕೇಳಬೇಕು. ಡ್ರಿಪ್ ಹಾಕಿರೆಂದು ನಾವೇ ಒತ್ತಾಯಿಸುವುದು ತರವಲ್ಲ. ಹೆಚ್ಚಾದ ನೀರು ಶ್ವಾಸಕೋಶದ ಸುತ್ತ ಸೇರಿ ಉಸಿರು ಕಟ್ಟಿಸೀತು.

ಮೂತ್ರಪಿಂಡ ಸೋತರೂ ಧೈರ್ಯಗೆಡಬೇಕಿಲ್ಲ. ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಅನೇಕರಲ್ಲಿ ಅದು ಮತ್ತೆ ಕೆಲಸಕ್ಕೆ ಬರುತ್ತದೆ. ಅಲ್ಲಿಯವರೆಗೆ ಡಯಾಲಿಸಿಸ್ ಯಂತ್ರ ರಕ್ತವನ್ನು ಶೋಧಿಸುತ್ತದೆ. ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಸೌಲಭ್ಯವಿದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ ನೆಫ್ರೊ-ಯುರಾಲಜಿ ಸಂಸ್ಥೆಯಿದೆ.

ಆದರೂ ರೋಗ ಬಾರದಂತೆ ನೋಡಿಕೊಳ್ಳುವುದೇ ಲೇಸು. ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ನಾವು ಕೊಳವೆಬಾವಿ ನೀರನ್ನು ತೊಟ್ಟಿ, ಡ್ರಮ್ಮುಗಳಲ್ಲಿ ಹಿಡಿದಿಡುತ್ತೇವೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲೂ ಮಳೆನೀರು ನಿಲ್ಲುತ್ತದೆ. ಹಗಲು ಕಚ್ಚುವ ಈಡಿಸ್ ಸೊಳ್ಳೆಗೆ ಅಷ್ಟೇ ಸಾಕು. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ. ವಾರಕ್ಕೊಮ್ಮೆ ತೊಟ್ಟಿಯನ್ನು ತಿಕ್ಕಿ ತೊಳೆದು ಮುಚ್ಚಿರಿ. ಬಿದ್ದ ಹಾಳೆಗಳನ್ನು ಆಯ್ದು ಒಣ ಜಾಗದಲ್ಲಿ ಕವುಚಿ ಹಾಕಿರಿ.