ರಕ್ತದಲ್ಲಿ ಕ್ಯಾಲ್ಸಿಯಂ ಏರಿಕೆ: ಪ್ಯಾರಾಥೈರಾಯ್ಡ್ ತೊಂದರೆಯ ಪತ್ತೆ ಮತ್ತು ನಿರ್ವಹಣೆ

ಕೆರಗೋಡು ಭಾಗದ ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ

ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯ ಹಿಂಬದಿಗೆ ಸಾಮಾನ್ಯವಾಗಿ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ಇವುಗಳ ಹಾರ್ಮೋನು ರಕ್ತದ ಕ್ಯಾಲ್ಸಿಯಂ ಪ್ರಮಾಣವನ್ನು ನಿಯಂತ್ರಿಸುತ್ತದೆ. ಗ್ರಂಥಿಯೊಂದು ಗಡ್ಡೆಗಟ್ಟಿ ಹಾರ್ಮೋನು ಅತಿಯಾದಾಗ ಮೂಳೆಯ ಕ್ಯಾಲ್ಸಿಯಂ ಕರಗಿ ರಕ್ತಕ್ಕೆ ಸೇರುತ್ತದೆ. ಈ ಗಡ್ಡೆ ಕ್ಯಾನ್ಸರ್ ಆಗಿರುವುದು ಅತಿ ವಿರಳ.

ಪತ್ತೆ: ಸೌಮ್ಯ ಹಂತದಲ್ಲಿ ಲಕ್ಷಣಗಳು ಕಾಣದಿರಬಹುದು. ಮೂತ್ರಪಿಂಡದಲ್ಲಿ ಪದೇ ಪದೇ ಕಲ್ಲು, ಸಣ್ಣ ಪೆಟ್ಟಿಗೇ ಮೂಳೆ ಮುರಿತ ಇವು ಎಚ್ಚರಿಕೆಯ ಸೂಚನೆಗಳು. ರಕ್ತದ ಕ್ಯಾಲ್ಸಿಯಂ ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಇರಬೇಕು. ಹೆಚ್ಚಿದ್ದಲ್ಲಿ ಪುನಃ ಪರೀಕ್ಷಿಸಿ, ಪ್ಯಾರಾಥೈರಾಯ್ಡ್ ಹಾರ್ಮೋನು, ವಿಟಮಿನ್ ಡಿ ಹಾಗೂ ಕ್ರಿಯಾಟಿನಿನ್ ಪರೀಕ್ಷೆಗಳನ್ನೂ ಮಾಡಿಸಬೇಕು. ಕ್ಯಾಲ್ಸಿಯಂ ಏರಿದಾಗ ಹಾರ್ಮೋನು ತಗ್ಗುವುದು ಸಹಜ. ತಗ್ಗದಿದ್ದರೆ ಈ ರೋಗದ ಶಂಕೆ ಬಲವಾಗುತ್ತದೆ.

ನಿರ್ವಹಣೆ: 50 ವರ್ಷದೊಳಗಿನವರು, ಮೂಳೆ ಸವೆತ, ಮೂತ್ರಪಿಂಡದ ಕಲ್ಲು ಅಥವಾ ದೌರ್ಬಲ್ಯವುಳ್ಳವರು, ಕ್ಯಾಲ್ಸಿಯಂ ಗರಿಷ್ಠ ಮಿತಿಗಿಂತ 1 ಮಿಲಿಗ್ರಾಂಗೂ ಮೀರಿ ಏರಿದವರು ಶಸ್ತ್ರಚಿಕಿತ್ಸೆಯ ಬಗ್ಗೆ ತಜ್ಞರ ಸಲಹೆ ಪಡೆಯತಕ್ಕದ್ದು. ಉಳಿದವರಿಗೆ ವರ್ಷಕ್ಕೊಮ್ಮೆ ರಕ್ತಪರೀಕ್ಷೆ, ಒಂದೆರಡು ವರ್ಷಕ್ಕೊಮ್ಮೆ ಮೂಳೆ ಸಾಂದ್ರತೆಯ ಪರೀಕ್ಷೆ ಅಗತ್ಯ.

ಆಹಾರ: ಕ್ಯಾಲ್ಸಿಯಂ ಹೆಚ್ಚಿದೆಯೆಂದು ರಾಗಿ ಮುದ್ದೆ, ಹಾಲು ತ್ಯಜಿಸುವುದು ತಪ್ಪು. ಆಹಾರದ ಕ್ಯಾಲ್ಸಿಯಂ ತೀರ ಕಡಿಮೆಯಾದರೆ ಹಾರ್ಮೋನು ಇನ್ನಷ್ಟು ಏರಬಹುದು. ನೀರು ಸಾಕಷ್ಟು ಕುಡಿಯಬೇಕು. ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ರಕ್ತದೊತ್ತಡದ ಕೆಲವು ಮಾತ್ರೆಗಳೂ ಕ್ಯಾಲ್ಸಿಯಂ ಏರಿಸುವುದರಿಂದ, ಸೇವಿಸುತ್ತಿರುವ ಔಷಧಗಳನ್ನು ವೈದ್ಯರಿಗೆ ತಿಳಿಸಬೇಕು.

ಸದಸ್ಯರು ಮೇಲ್ಕಂಡ ಸೂಚನೆಗಳುಳ್ಳವರನ್ನು, ವಿಶೇಷವಾಗಿ 50 ದಾಟಿದ ಮಹಿಳೆಯರನ್ನು, ಆಶಾ ಕಾರ್ಯಕರ್ತೆಯರ ನೆರವಿನಿಂದ ಸರ್ಕಾರಿ ವೈದ್ಯರ ಬಳಿಗೆ ಕಳುಹಿಸಲು ಕೋರಿದೆ. ಹೆಚ್ಚಿನ ತಪಾಸಣೆ ಬೇಕಾದಲ್ಲಿ ವೈದ್ಯರ ಶಿಫಾರಸಿನೊಂದಿಗೆ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯನ್ನು ಸಂಪರ್ಕಿಸಬಹುದು.