ಪಡುಗಡಲ ನಡುಗಡ್ಡೆಯಲ್ಲಿ ಅರ್ಧ ಹಗಲು

ನಮ್ಮ ನಾಡಿನ ಗೃಹಸ್ಥನು ಮನೆ ಬಿಟ್ಟು ಹೊರಡುವದಕ್ಕೆ ಕಾರಣಗಳು ಬಹಳವಿಲ್ಲ. ಲಗ್ನ-ಮುಂಜಿವೆಗಳು, ಹರಕೆಯ ಯಾತ್ರೆ, ಕೋರ್ಟಿನ ತಾರೀಖು, ದವಾಖಾನೆ. ಇಷ್ಟಕ್ಕೆ ಆತನ ಪ್ರವಾಸದ ಪಟ್ಟಿಯು ಮುಗಿಯಿತು. ಯಾವ ಕೆಲಸವೂ ಇಲ್ಲದೆ, ಗೆಳೆಯರೊಡನೆ ಎರಡು ದಿನ ಎಲ್ಲಿಯಾದರೂ ಸುಮ್ಮನೆ ಕುಳಿತು ಬರುವೆನೆಂದು ಆತನು ನುಡಿದರೆ, ಮನೆಯವರು ಮೊದಲು ಆತನ ಮುಖವನ್ನು ನೋಡಿ ಆಮೇಲೆ ಮೈ ಮುಟ್ಟಿ ನೋಡುವರು. ಕಳೆದ ಮಾಘಮಾಸದಲ್ಲಿ ಗಳಗನಾಥದ ನಾವು ನಾಲ್ವರು ಇಂತಹದೇ ಒಂದು ಪ್ರವಾಸವನ್ನು ಮಾಡಿ ಬಂದೆವು. ಉಡುಪಿಯ ಹತ್ತಿರದ ಮಲ್ಪೆಯ ಎದುರಿಗೆ, ಪಡುವಣ ಸಮುದ್ರದೊಳಗಿರುವ ಸೇಂಟ್ ಮೇರೀಸ್ ಎಂಬ ಸಣ್ಣ ನಡುಗಡ್ಡೆಯೇ ನಾವು ಹೋದ ಸ್ಥಳವು. ವಾಚಕರಲ್ಲಿ ನಮ್ಮ ವಯಸ್ಸಿನವರು ಅನೇಕರಿರುವರಾದ್ದರಿಂದ ಅದನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿತು.

ನಾಲ್ವರೆಂದರೆ ಹೊಲಮನೆಯುಳ್ಳ ಗೌಡರು, ಅಂಚೆಯ ಕಚೇರಿಯಿಂದ ನಿವೃತ್ತರಾದ ರಾಯರು, ಗುತ್ತಲದಲ್ಲಿ ಕಿರಾಣಿ ಅಂಗಡಿಯನ್ನಿಟ್ಟಿರುವ ಶೆಟ್ಟರು, ಮತ್ತು ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸುತ್ತ ಆಯುಷ್ಯ ಕಳೆದ ನಾವು. ಎಲ್ಲರೂ ಊರಿನ ಕನ್ನಡ ಶಾಲೆಯಲ್ಲಿ ಒಂದೇ ಸಾಲಿನಲ್ಲಿ ಕುಳಿತವರು. ಐದನೆಯವರೊಬ್ಬರಿದ್ದರು. ಸಮುದ್ರವನ್ನು ನೋಡೋಣವೆಂಬ ಮಾತನ್ನು ಮೊದಲು ತೆಗೆದವರೂ ಅವರೇ. ಒಂದು ವರ್ಷ ಬಿತ್ತಿಗೆ ಅಡ್ಡ ಬಂದಿತು, ಒಂದು ವರ್ಷ ಶೆಟ್ಟರ ಮಗಳ ಲಗ್ನ, ಇನ್ನೊಂದು ವರ್ಷ ಮೊಮ್ಮಕ್ಕಳ ಪರೀಕ್ಷೆ. ಕಾರ್ತಿಕಮಾಸದಲ್ಲಿ ಅವರು ತೀರಿಕೊಂಡರು. ಹದಿಮೂರನೆಯ ದಿನದ ಊಟ ಮುಗಿದು ಕೈ ತೊಳೆಯುವಾಗ ಗೌಡರು ನಮ್ಮ ಕಡೆಗೆ ತಿರುಗಿ, "ಮಾಸ್ತರ, ಇನ್ನ ಯಾರ ಹದಿಮೂರನೇ ದಿನಕ್ಕ ಕಾಯೂದು? ಈ ಸಲ ಹೊಂಟಬಿಡೂಣು," ಎಂದರು. ಅದಕ್ಕೆ ಎದುರಾಡುವ ಮಾತು ಯಾರಲ್ಲಿಯೂ ಇರಲಿಲ್ಲ.

ನಮ್ಮೂರು ವರದಾ-ತುಂಗಭದ್ರೆಯರ ಸಂಗಮಸ್ಥಾನವೆಂಬುದನ್ನು ಹಲವರು ಬಲ್ಲರು. ಈ ಪ್ರವಾಸದ ಸೊಗಸೇನೆಂದರೆ, ಹಾದಿಯುದ್ದಕ್ಕೂ ನಮ್ಮ ಹೊಳೆಯೇ ನಮಗೆ ಎದುರಾಗಿ ಬರುತ್ತಿತ್ತು. ಶನಿವಾರ ನಸುಕಿನಲ್ಲಿ ಬಾಡಿಗೆಯ ಮೋಟಾರಿನಲ್ಲಿ ಹೊರಟು ರಾಣೆಬೆನ್ನೂರನ್ನು ದಾಟಿದೆವು. ಹರಿಹರದಲ್ಲಿ ಅದೇ ತುಂಗಭದ್ರೆ, ಹೊನ್ನಾಳಿಯಲ್ಲಿ ಅದೇ ತುಂಗಭದ್ರೆ. ಶಿವಮೊಗ್ಗೆಗೆ ಈಚೆಯಲ್ಲಿರುವ ಕೂಡಲಿಯಲ್ಲಿ ತುಂಗೆ-ಭದ್ರೆಯರು ಒಂದಾಗುವರಷ್ಟೆ. ಅಲ್ಲಿಂದ ಮುಂದೆ ಬರಿಯ ತುಂಗೆಯು ಜೊತೆಗೆ ಉಳಿದಳು. ತೀರ್ಥಹಳ್ಳಿಯಲ್ಲಿ ಅವಳ ದಂಡೆಯ ಕಲ್ಲಿನ ಮೇಲೆ ಕುಳಿತು ಬುತ್ತಿಯನ್ನು ಬಿಚ್ಚಿದೆವು. ಸಜ್ಜೆಯ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಗಂಗಾಸ್ನಾನ ತುಂಗಾಪಾನವೆಂದು ಹಿರಿಯರು ಹೇಳಿದ್ದನ್ನು ಶೆಟ್ಟರು ಮೂರು ತಂಬಿಗೆ ನೀರು ಕುಡಿದು ನಿಜ ಮಾಡಿದರು.

ತುಂಗೆ-ಭದ್ರೆಯರು ಹುಟ್ಟುವದು ಸಹ್ಯಾದ್ರಿಯ ಗಂಗಾಮೂಲದಲ್ಲಿ. ಅಲ್ಲಿಂದ ಪಡುವಣ ಸಮುದ್ರವು ಎಷ್ಟು ಹತ್ತಿರ! ಆದರೂ ಅವರು ಅದಕ್ಕೆ ಬೆನ್ನು ಮಾಡಿ, ನಮ್ಮ ಒಣಭೂಮಿಯನ್ನೆಲ್ಲ ಹಾಯ್ದು, ಆಲಂಪುರದ ಕಡೆಗೆ ಕೃಷ್ಣೆಯನ್ನು ಕೂಡಿ ಮೂಡಣ ಸಮುದ್ರವನ್ನು ಸೇರುವರು. ಹತ್ತಿರದ ಸಮುದ್ರಕ್ಕೆ ಅವರು ಇಳಿದುಬಿಟ್ಟಿದ್ದರೆ ಗಳಗನಾಥವೆಲ್ಲಿ, ನಾವೆಲ್ಲಿ? ಆಗುಂಬೆಯ ನೆತ್ತಿಯಲ್ಲಿ ನೀರಿನ ಈ ಗಡಿಯನ್ನು ದಾಟಿ ಹದಿನಾಲ್ಕು ತಿರುವುಗಳನ್ನು ಇಳಿದೆವೆಂದರೆ, ಅಲ್ಲಿಯ ಹೊಳೆಗಳ ಮುಖವೇ ಬೇರೆ. ಆ ಭಾಗದಲ್ಲಿ ಹುಟ್ಟಿದ ಸೀತಾನದಿಯು ಪಡುವಣಕ್ಕೆ ಹರಿದು, ಮಲ್ಪೆಯ ಉತ್ತರಕ್ಕೆ ಕೋಡಿ ಬೆಂಗ್ರೆಯ ಬಳಿ ಸ್ವರ್ಣಾನದಿಯೊಡನೆ ಕಡಲು ಸೇರುವದು. ಗೌಡರು ಘಟ್ಟ ಇಳಿಯುವಾಗ ಕಣ್ಣು ಮುಚ್ಚಿಕೊಂಡೇ ಇದ್ದರು; ನಿದ್ರೆಯೆಂದು ಅವರು ಹೇಳಿದರು.

ಉಡುಪಿಯಲ್ಲಿ ಸಣ್ಣದೊಂದು ವಾದ ನಡೆಯಿತು. ಕೃಷ್ಣನ ದರ್ಶನ ಮಾಡಿದರೆ ಇದೂ ಯಾತ್ರೆಯೇ ಆಗಿಬಿಡುವದು, ಗೆಳೆಯನ ಮಾತಿನಂತೆ ಆಗಲಿಲ್ಲವೆಂದು ರಾಯರ ತಕರಾರು. ಊರಿಗೆ ಬಂದು ಊರ ಯಜಮಾನನನ್ನು ಕಾಣದೆ ಹೋಗುವದು ಗೃಹಸ್ಥಧರ್ಮವಲ್ಲವೆಂದು ಶೆಟ್ಟರು. ಶೆಟ್ಟರೇ ಗೆದ್ದರು. ಸಂಜೆ ನವಗ್ರಹ ಕಿಂಡಿಯೊಳಗಿಂದ ದರ್ಶನವಾಯಿತು.

ಮರುದಿನ ರವಿವಾರ ಬೆಳಿಗ್ಗೆ ಮಲ್ಪೆಯ ಬಂದರಿನಿಂದ ಮೊದಲ ದೋಣಿಯನ್ನೇ ಹಿಡಿದೆವು. ನಡುಗಡ್ಡೆಯು ಅಲ್ಲಿಂದ ಸುಮಾರು ೬ ಕಿಲೋಮೀಟರು. ಅರ್ಧ ಗಂಟೆಯೊಳಗಿನ ಪ್ರಯಾಣ. ದೋಣಿಯಲ್ಲಿ ಹಾಡಿನ ಪೆಟ್ಟಿಗೆಯ ಗದ್ದಲವು ವಿಪರೀತವಾಗಿತ್ತು. ಸಮುದ್ರವು ತಾನೇ ಇಷ್ಟು ಗಂಭೀರವಾಗಿ ಮಾತಾಡುವಾಗ ಅದರ ಬಾಯಿ ಮುಚ್ಚಿಸುವ ಉತ್ಸಾಹವು ಜನರಿಗೆ ಏತಕ್ಕೋ ತಿಳಿಯದು. ಗೌಡರು ಎರಡೂ ಕೈಗಳಿಂದ ಹಲಗೆಯನ್ನು ಹಿಡಿದು ಕುಳಿತಿದ್ದರು. ಅರವತ್ತೆರಡು ವರ್ಷದ ಆ ಮನುಷ್ಯನು ಅಂದಿನವರೆಗೆ ಸಮುದ್ರವನ್ನು ಕಂಡವರಲ್ಲ. ಬಹಳ ಹೊತ್ತಿನ ಮೇಲೆ, "ಆ ಕಡೀ ದಂಡಿ ಎಲ್ಲಿ ಐತ್ರಿ?" ಎಂದು ಕೇಳಿದರು. ಆಫ್ರಿಕೆಯಲ್ಲಿ ಇದೆಯೆಂದು ರಾಯರು ಹೇಳಲು, ಅವರು ಮತ್ತೆ ಮಾತಾಡಲಿಲ್ಲ.

ಇಲ್ಲಿರುವದು ಒಂದೇ ನಡುಗಡ್ಡೆಯಲ್ಲ. ಉತ್ತರದ ದ್ವೀಪ, ತೆಂಗಿನ ದ್ವೀಪ, ದರಿಯಾ ಬಹದ್ದೂರಗಡ, ದಕ್ಷಿಣದ ದ್ವೀಪ ಎಂದು ಮುಖ್ಯವಾದವು ನಾಲ್ಕು. ಜನರು ಇಳಿಯುವದು ತೆಂಗಿನ ದ್ವೀಪದಲ್ಲಿ. ಅದರ ಉದ್ದ ಸುಮಾರು ೫೦೦ ಮೀಟರು, ಅಗಲ ೧೦೦ ಮೀಟರು, ಅಂದರೆ ನಮ್ಮ ಗೌಡರ ಒಂದು ಹೊಲಕ್ಕೆ ಸಮವಾದೀತು. ಪೋರ್ತುಗೀಜರ ವಾಸ್ಕೋ ಡ ಗಾಮನು ೧೪೯೮ರಲ್ಲಿ ಇಲ್ಲಿ ಇಳಿದು, ಕ್ರಿಸ್ತಮಾತೆಯ ಹೆಸರನ್ನಿಟ್ಟು, ಗುರುತಿನ ಕಂಬವನ್ನು ನೆಟ್ಟನೆಂದು ಹೇಳುವರು. ಆತನು ನೆಟ್ಟ ಕಂಬವು ಇಂದು ಕಾಣುವದಿಲ್ಲ. ಆದರೆ ಆತನು ಬರುವ ಮೊದಲೇ ಅಲ್ಲಿ ಸಾವಿರಾರು ಕಂಬಗಳಿದ್ದವು. ಆ ಕಲ್ಲುಗಳನ್ನು ನೋಡಿದಾಗ ಸಂಸ್ಕೃತ ಪಂಡಿತನಾಗಲಿ, ಅಕ್ಷರವರಿಯದವನಾಗಲಿ, ಎಲ್ಲರ ಬಾಯಿಯೂ ಒಂದೇ ರೀತಿಯಾಗಿ ತೆರೆಯುವದು. ಐದಾರು ಮೂಲೆಗಳುಳ್ಳ, ಬಡಗಿಯು ಅಳತೆಯಿಟ್ಟು ಕೆತ್ತಿದಂತಿರುವ ಕಪ್ಪು ಕಂಬಗಳು ಒಂದಕ್ಕೊಂದು ಅಂಟಿ ಗುಂಪುಗುಂಪಾಗಿ ನಿಂತಿರುವವು. ಕೆಲವಂತೂ ನಾಲ್ಕಾಳೆತ್ತರ. ಭೂಗರ್ಭದಿಂದ ಹೊರಬಿದ್ದ ಬೆಂಕಿಯ ರಸವು ಆರುತ್ತ ಕುಗ್ಗಿ ಬಿರಿದು ಹೀಗಾಯಿತೆಂದೂ, ಅದು ಸುಮಾರು ೮ ಕೋಟಿ ೮೦ ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರವು ನಮ್ಮ ಭೂಮಿಯಿಂದ ಸೀಳಿ ದೂರವಾದ ಕಾಲದ್ದೆಂದೂ ಶಾಸ್ತ್ರಜ್ಞರ ಅಭಿಪ್ರಾಯವು. ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿರುವದು. ನಾವು ಇದನ್ನು ವಿವರಿಸಲು ತೊಡಗಿದಾಗ ಗೌಡರು ನಡುವೆಯೇ ತಡೆದು, "ಬ್ಯಾಸಗ್ಯಾಗ ನಮ್ಮ ಎರಿ ಹೊಲಾ ಬಿರಿತೈತಲ್ರಿ, ಹಂಗ," ಎಂದರು. ಮೂವತ್ತು ವರ್ಷ ಪಾಠ ಹೇಳಿದ ನಾವು ಇದಕ್ಕಿಂತ ಚೆನ್ನಾದ ದೃಷ್ಟಾಂತವನ್ನು ಕೊಡಲಾರೆವು. ನಮ್ಮೂರ ಗಳಗೇಶ್ವರನ ಗುಡಿಯೂ ಕಪ್ಪುಕಲ್ಲಿನದೇ, ೧೧ನೆಯ ಶತಮಾನದ ಚಾಲುಕ್ಯರ ಕೆಲಸ. ಹೊಳೆಯ ದಂಡೆಯಲ್ಲಿ ನಿಂತ ಆ ಗುಡಿಯ ಗೋಡೆಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಆನಿಕೆಯನ್ನು ಕೊಟ್ಟಿರುವರು. ಅದನ್ನು ಬಹು ಪುರಾತನವೆಂದು ನಾವು ಹೆಮ್ಮೆಪಡುತ್ತಿದ್ದೆವು!

ದೋಣಿಯವರು ಕೊಡುವ ಹೊತ್ತು ಬಹಳವಲ್ಲ. ಆದರೆ ವೃದ್ಧರೆಂಬ ದಾಕ್ಷಿಣ್ಯದಿಂದ ಮಧ್ಯಾಹ್ನದ ದೋಣಿಯಲ್ಲಿ ಮರಳಲು ಒಪ್ಪಿದರು. ಪಡುವಣ ಮಗ್ಗುಲಿನ ದಂಡೆಯಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ತೆಂಗಿನ ನೆರಳು ಹಿಡಿದು ಕುಳಿತೆವು. ಎರಡು ಕಡೆಗೆ ನೀರುಳ್ಳದ್ದು ದ್ವೀಪವೆಂದು ಶಬ್ದದ ವ್ಯುತ್ಪತ್ತಿಯನ್ನು ನಾವು ಹೇಳಲು, ರಾಯರು ಸುತ್ತಲೂ ನೋಡಿ, "ನಾಕೂ ಕಡೆ ಐತಲ್ರಿ ಮಾಸ್ತರ, ನಿಮ್ಮ ಪಾಣಿನಿ ಎರಡಕ್ಕ ಯಾಕ ನಿಲ್ಲಿಸಿದ?" ಎಂದು ನಕ್ಕರು. ಆಮೇಲೆ ಮಾತು ತಾನಾಗಿಯೇ ನಿಂತಿತು. ನಲವತ್ತು ವರ್ಷಗಳಲ್ಲಿ ನಾವು ನಾಲ್ವರು ಇಷ್ಟು ಹೊತ್ತು ಜೊತೆಯಾಗಿ ಸುಮ್ಮನೆ ಕುಳಿತದ್ದಿಲ್ಲ. ಕೂಡಿದಾಗಲೆಲ್ಲ ಬೆಲೆ, ಮಳೆ, ಮಕ್ಕಳು, ಭಾಗಾದಿ.

ಆಗ ರಾಮಾಯಣದ ಮೈನಾಕನು ನೆನಪಿಗೆ ಬಂದನು. ಇಂದ್ರನಿಗೆ ಹೆದರಿ ಸಮುದ್ರದಲ್ಲಿ ಅಡಗಿದ್ದ ಆ ಪರ್ವತನು, ಲಂಕೆಗೆ ಹಾರುತ್ತಿದ್ದ ಹನುಮಂತನಿಗೆ ವಿಶ್ರಾಂತಿಯಾಗಲೆಂದು ನೀರಿನಿಂದ ಮೇಲೆದ್ದು ಕರೆದನು. ಹನುಮಂತನು ಕೈಯಿಂದ ಮುಟ್ಟಿ, ಕೆಲಸವಿದೆಯೆಂದು ಮುಂದೆ ಹೋದನು. ಆತನಿಗೆ ಸ್ವಾಮಿಕಾರ್ಯವಿತ್ತು, ಸರಿ. ಪಿಂಚಣಿಯ ಮನುಷ್ಯನಿಗೆ ಯಾವ ಲಂಕೆಯು ಕಾದಿರುವದು? ಮೈನಾಕನನ್ನು ಬರಿದೆ ಮುಟ್ಟಿ ಓಡುವದು ನಮ್ಮವರಲ್ಲಿ ಒಂದು ಚಟವೇ ಆಗಿದೆ. ಅಂದು ದೋಣಿಯಿಂದ ಇಳಿದ ತರುಣರಲ್ಲಿ ಹೆಚ್ಚಿನವರು ಚಿತ್ರ ತೆಗೆದುಕೊಂಡು, ಹತ್ತು ನಿಮಿಷದಲ್ಲಿ ದೋಣಿಯ ಸೀಟಿಗೆ ಕಿವಿಗೊಟ್ಟು ನಿಂತಿದ್ದರು.

ಹೊರಡುವ ಮೊದಲು ಗೌಡರು ಚೀಲದಿಂದ ಬಾಟಲಿಯೊಂದನ್ನು ತೆಗೆದರು. ಮನೆಯಿಂದ ತಂದ ಸಂಗಮದ ನೀರು ಅದರಲ್ಲಿ ಸ್ವಲ್ಪ ಉಳಿದಿತ್ತು. ನೀರಿನ ಅಂಚಿನವರೆಗೆ ಹೋಗಿ ಅದನ್ನು ಕಡಲಿಗೆ ಸುರಿದರು. "ಅಂವಾ ನೋಡಬೇಕಂದಿದ್ದ. ಅಂವನ ಬೂದಿ ಇದ ಹೊಳ್ಯಾಗ ಬಿಟ್ಟೇವಲ್ಲ, ಆದರ ನಮ್ಮ ಹೊಳಿ ಈ ಕಡೆ ಬರಂಗಿಲ್ಲ," ಎಂದರು. ಶೆಟ್ಟರು ಟೊಪ್ಪಿಗೆಯನ್ನು ತೆಗೆದು ನಿಂತರು.

ಹೋಗಬಯಸುವ ಗೃಹಸ್ಥರಿಗೆ ಕೆಲವು ಸಂಗತಿಗಳು ತಿಳಿದಿರಬೇಕು. ಜೂನದಿಂದ ಸಪ್ಟಂಬರದವರೆಗೆ ಕಡಲು ಪ್ರಕ್ಷುಬ್ಧವಾಗಿರುವದರಿಂದ ದೋಣಿಗಳಿಲ್ಲ, ಪುಷ್ಯ-ಮಾಘಗಳು ಉತ್ತಮ. ನಡುಗಡ್ಡೆಯಲ್ಲಿ ರಾತ್ರಿ ಉಳಿಯುವಂತಿಲ್ಲ. ದೊಡ್ಡ ದೋಣಿಯಿಂದ ಸಣ್ಣದಕ್ಕೆ ದಾಟಬೇಕಾಗುವಾಗ ಮೊಳಕಾಲು ನೋವಿನವರು ಒಬ್ಬರ ತೋಳು ಹಿಡಿಯಬೇಕು. ಬರಿಗಾಲಿನಲ್ಲಿ ನಡೆಯಬಾರದು, ಚಿಪ್ಪು ಕೊಯ್ಯುವದು. ಮುಖ್ಯವಾದದ್ದೇನೆಂದರೆ, ತೆರೆ ಹೊಡೆಯುವ ಬಂಡೆಗಳ ತುದಿಗೆ ಯಾರೂ ಹೋಗಬಾರದು, ಮಕ್ಕಳನ್ನಂತೂ ಬಿಡಲೇಬಾರದು. ಆ ಕಲ್ಲು ಪಾಚಿಗಟ್ಟಿ ಜಾರುವದು. ೨೦೨೨ರ ಏಪ್ರಿಲದಲ್ಲಿ ಕೇರಳದಿಂದ ಬಂದ ಮೂವರು ಕಾಲೇಜು ವಿದ್ಯಾರ್ಥಿಗಳು ಇಲ್ಲಿಯೇ ನೀರುಪಾಲಾದರು. ಕಲ್ಲುಗಳನ್ನು ಒಡೆದು ತರುವದೂ, ಕಸವನ್ನು ಬಿಟ್ಟು ಬರುವದೂ ಎರಡೂ ಸಲ್ಲದು.

ಸೋಮವಾರ ಊರು ಮುಟ್ಟಿ, ಗೌಡರ ಪಡಸಾಲೆಯಲ್ಲಿ ನಾವು ಇದನ್ನೆಲ್ಲ ರಸವತ್ತಾಗಿ ವರ್ಣಿಸುತ್ತಿರಲು, ಒಳಗಿನಿಂದ ಚಹ ತಂದ ಗೌಡತಿಯವರು ಕೊನೆಯವರೆಗೂ ನಿಂತು ಕೇಳಿದರು. ಕೆಲಸವಿಲ್ಲದೆ ಕೂಡ್ರುವದು ಇಷ್ಟು ಚಲೋದಾದರೆ ಬರುವ ಮಾಘದಲ್ಲಿ ತಾವು ಹೆಂಗಸರು ನಾಲ್ವರು ಹೋಗಿಬರುವೆವೆಂದೂ, ಆ ಎರಡು ದಿನ ಹಿಂಡುವ ಎಮ್ಮೆ, ಒಲೆ, ಮೊಮ್ಮಕ್ಕಳು ಮೂರನ್ನೂ ಗಂಡಸರಿಗೆ ಒಪ್ಪಿಸುವೆವೆಂದೂ ಹೇಳಿ ಕಪ್ಪುಗಳನ್ನು ತೆಗೆದುಕೊಂಡು ಹೋದರು. ಗೌಡರು ಈಗ ದಿನಾಲು ನಸುಕಿನಲ್ಲಿ ಎಮ್ಮೆಯ ಹತ್ತಿರ ಚೊಂಬು ಹಿಡಿದು ಕುಳಿತಿರುವರು. ಎಮ್ಮೆಯು ಇನ್ನೂ ಅವರಿಗೆ ಸೊರೆಬಿಟ್ಟಿಲ್ಲವೆಂದು ವರ್ತಮಾನವು.