ನೆರೆಮನೆಯ ಜಿಂಕೆ ಮಾಂಸ: ಒಲೆಗೇರಿಸುವ ಮೊದಲು ನಾಲ್ಕು ಪ್ರಶ್ನೆ

"ಅಕ್ಕಾ, ಪಕ್ಕದ ಮನೆಯ ಅಜ್ಜಿ ಒಂದು ಡಬ್ಬಿ ತುಂಬ ಜಿಂಕೆ ಮಾಂಸದ ಖೀಮಾ ಕೊಟ್ಟು ಹೋಗಿದ್ದಾರೆ. ಏನು ಮಾಡಲಿ?"

ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ತಂಗಿ ಒಂದು ನವೆಂಬರ್ ರಾತ್ರಿ ಫೋನ್ ಮಾಡಿ ಹೀಗೆ ಕೇಳಿದಾಗ ನನಗೆ ನಗು ಬಂತು. ನಮ್ಮ ಮಲೆನಾಡಿನಲ್ಲಾದರೆ ಜಿಂಕೆ ಮಾಂಸ ಮನೆಯೊಳಗೆ ಬಂದರೆ ಅದರ ಹಿಂದೆಯೇ ಅರಣ್ಯ ಇಲಾಖೆಯವರೂ ಬಂದಾರು! ಆದರೆ ಅವಳಿಗೆ ಆಗ ಐದು ತಿಂಗಳು ಎಂಬುದು ನೆನಪಾದಾಗ ನಗು ನಿಂತಿತು. ಹಲಾಲ್ ಹೌದೋ ಅಲ್ಲವೋ ಎಂಬ ಪ್ರಶ್ನೆ ಅವಳದಾಗಿತ್ತು. ಹೊಟ್ಟೆಯಲ್ಲಿರುವ ಮಗುವಿಗೆ ಇದು ಸುರಕ್ಷಿತವೇ ಎಂಬ ಚಿಂತೆ ನನ್ನದಾಗಿತ್ತು.

ಅಂದಿನಿಂದ ಈ ವಿಷಯದ ಬಗ್ಗೆ ಓದಿದೆ, ಬಲ್ಲವರಲ್ಲಿ ಕೇಳಿದೆ. ವಿದೇಶದಲ್ಲಿ ನೆಲೆಸಿರುವ ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಇದೇ ಪ್ರಶ್ನೆ ಎದುರಾಗುವುದರಿಂದ ತಿಳಿದುದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಅಲ್ಲಿ ಬೇಟೆಗೆ ಅನುಮತಿ ಏಕೆ?

ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಒಂದು ಕಾಲಕ್ಕೆ ಅಳಿವಿನ ಅಂಚಿಗೆ ಹೋಗಿತ್ತು. ಮಾಂಸ ಮತ್ತು ಚರ್ಮದ ವ್ಯಾಪಾರಕ್ಕಾಗಿ ಲಂಗುಲಗಾಮಿಲ್ಲದೆ ಕೊಂದುದರಿಂದ 1900ರ ಹೊತ್ತಿಗೆ ಇಡೀ ದೇಶದಲ್ಲಿ ಸುಮಾರು 5 ಲಕ್ಷ ಮಾತ್ರ ಉಳಿದಿದ್ದವೆಂಬ ಅಂದಾಜಿದೆ. ಅನಂತರ ಬಿಗಿ ಕಾನೂನುಗಳು ಬಂದವು. 1937ರ ಕಾಯ್ದೆಯ ಪ್ರಕಾರ ಕೋವಿ ಮತ್ತು ಮದ್ದುಗುಂಡಿನ ಮೇಲಿನ ತೆರಿಗೆಯ ಹಣ ವನ್ಯಜೀವಿಗಳ ರಕ್ಷಣೆಗೆ ಹೋಗುತ್ತದೆ. ಈಗ ಜಿಂಕೆಗಳ ಸಂಖ್ಯೆ ಸುಮಾರು 3 ಕೋಟಿ. ಅವುಗಳನ್ನು ತಿನ್ನುತ್ತಿದ್ದ ತೋಳಗಳು ಬಹುತೇಕ ಕಡೆಗಳಿಂದ ಮರೆಯಾಗಿವೆ. ಹೊಲದ ಬೆಳೆಗೆ ನಷ್ಟ, ರಸ್ತೆಯಲ್ಲಿ ಕಾರಿಗೆ ಡಿಕ್ಕಿ, ಇವು ಸಾಮಾನ್ಯ ಸಂಗತಿಗಳು. ಆದ್ದರಿಂದ ಸರಕಾರವೇ ಹಂಗಾಮು ಗೊತ್ತುಮಾಡಿ, ಪರವಾನಿಗೆ ಕೊಟ್ಟು ಬೇಟೆಗೆ ಬಿಡುತ್ತದೆ. ಬೇಟೆಯಾಡಿದ ಜಿಂಕೆಯ ಮಾಂಸವನ್ನು ಮಾರುವಂತಿಲ್ಲ, ಮನೆಯಲ್ಲಿ ತಿನ್ನಬಹುದು ಅಥವಾ ಉಚಿತವಾಗಿ ಕೊಡಬಹುದು. ತಂಗಿಯ ಮನೆಗೆ ಬಂದ ಡಬ್ಬಿಯ ಕಥೆ ಇದೇ.

ಮೊದಲ ಪ್ರಶ್ನೆ: ಹೇಗೆ ಬೇಟೆಯಾಡಿದರು?

ಮಿಷಿಗನ್‌ನಲ್ಲಿ ಅಕ್ಟೋಬರಿನಲ್ಲಿ ಬಿಲ್ಲುಬಾಣದ ಬೇಟೆ ಆರಂಭವಾಗುತ್ತದೆ. ಕೋವಿ ಬೇಟೆಯ ಮುಖ್ಯ ಹಂಗಾಮು ನವೆಂಬರ್ 15ರಿಂದ 30. 1960ರ ಜನವರಿ 1ರಂದು ಅಥವಾ ಆ ಬಳಿಕ ಹುಟ್ಟಿದವರು ಬೇಟೆಗಾರರ ಸುರಕ್ಷತಾ ತರಗತಿಯಲ್ಲಿ ತೇರ್ಗಡೆಯಾಗಿರಬೇಕು. ದೂರದಿಂದ ಕಾಣುವಂತೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ಅಥವಾ ಟೋಪಿ ಧರಿಸಬೇಕು.

ಜಿಂಕೆ ಮುಂಜಾನೆ ಮತ್ತು ಮುಸ್ಸಂಜೆ ಹೆಚ್ಚು ಓಡಾಡುತ್ತದೆ. ಅದರ ಮೂಗು ಬಲು ಚುರುಕು. ಆದ್ದರಿಂದ ಬೇಟೆಗಾರ ಗಾಳಿ ತನ್ನ ಕಡೆಗೆ ಬೀಸುವಂತೆ ಜಾಗ ಆರಿಸಿ ಕಾಯುತ್ತಾನೆ. ಹಲವರು ಮರಕ್ಕೆ ಅಟ್ಟಣೆ ಕಟ್ಟಿ ಕೂರುತ್ತಾರೆ. ಅಲ್ಲಿಂದ ಬಿದ್ದು ಕೈಕಾಲು ಮುರಿದುಕೊಳ್ಳುವವರೇ ಬಹಳ. ಹಾಗಾಗಿ ಕೋವಿಯಷ್ಟೇ ಮುಖ್ಯವಾದ ಸಲಕರಣೆಯೆಂದರೆ ಮೈಗೆ ಕಟ್ಟಿಕೊಳ್ಳುವ ರಕ್ಷಣಾ ಪಟ್ಟಿ. ದುರ್ಬೀನು, ಹಗ್ಗ, ಟಾರ್ಚು, ಗಿಡ್ಡ ಅಲಗಿನ ಹರಿತವಾದ ಚಾಕು, ರಬ್ಬರ್ ಕೈಗವಸು, ಮಾಂಸ ತುಂಬಲು ತೆಳು ಹತ್ತಿ ಬಟ್ಟೆಯ ಚೀಲ ಕೂಡ ಜೊತೆಗಿರುತ್ತವೆ.

ಗುರಿಯಿಡುವುದು ಮುಂಗಾಲಿನ ಭುಜದ ಹಿಂಬದಿಗೆ. ಹೃದಯ, ಶ್ವಾಸಕೋಶಗಳು ಅಲ್ಲಿವೆ. ಪ್ರಾಣಿ ನರಳದೆ ಬೇಗ ಸಾಯಬೇಕು ಎಂಬುದು ಉದ್ದೇಶ. ಏಟು ಖಚಿತವಿಲ್ಲದಿದ್ದರೆ ಗುಂಡು ಹಾರಿಸದಿರುವುದೇ ಉತ್ತಮ ಬೇಟೆಗಾರನ ಲಕ್ಷಣ. ಜಿಂಕೆಗೆ ಉರುಲು ಅಥವಾ ಬಲೆ ಹಾಕುವುದು ಅಲ್ಲಿಯೂ ಅಪರಾಧ.

ಹಲಾಲ್ ಪ್ರಶ್ನೆ ಬರುವುದು ಇಲ್ಲಿಯೇ. ಬೇಟೆ ಇಸ್ಲಾಮಿನಲ್ಲಿ ನಿಷಿದ್ಧವಲ್ಲ. ಕುರ್‌ಆನಿನ ಅಲ್ ಮಾಇದಃ ಅಧ್ಯಾಯದಲ್ಲಿ ತರಬೇತಿ ಪಡೆದ ಪ್ರಾಣಿಗಳ ಮೂಲಕ ಮಾಡುವ ಬೇಟೆಗೆ ಅನುಮತಿಯಿದೆ. ಇಹ್ರಾಮಿನಲ್ಲಿರುವವರಿಗೆ ನೆಲದ ಬೇಟೆ ನಿಷಿದ್ಧವೆಂದೂ ಅದೇ ಅಧ್ಯಾಯ ಹೇಳುತ್ತದೆ. ಮುಸ್ಲಿಮ್ ಬೇಟೆಗಾರ ಅಲ್ಲಾಹನ ಹೆಸರು ಹೇಳಿ ಗುಂಡು ಹಾರಿಸುತ್ತಾನೆ. ತಲುಪಿದಾಗ ಪ್ರಾಣಿಗೆ ಜೀವವಿದ್ದರೆ ಕೂಡಲೇ ಝಬಹ್ ಮಾಡುತ್ತಾನೆ. ಮುಸ್ಲಿಮೇತರ ನೆರೆಯವರು ಗುಂಡಿಕ್ಕಿ ತಂದುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಇದನ್ನು ತಮ್ಮೂರಿನ ಬಲ್ಲ ವಿದ್ವಾಂಸರಲ್ಲಿ ಕೇಳಿ ತಿಳಿಯುವುದೇ ಲೇಸು.

ಎರಡನೆಯ ಪ್ರಶ್ನೆ: ಎಷ್ಟು ಬೇಗ ತಣ್ಣಗಾಯಿತು?

ನಿಜವಾದ ಕೆಲಸ ಶುರುವಾಗುವುದು ಜಿಂಕೆ ಬಿದ್ದ ಬಳಿಕ. ಮೈಯ ಬಿಸಿ ಆರದಿದ್ದರೆ ಮಾಂಸ ಬೇಗ ಹಳಸುತ್ತದೆ. ಆದ್ದರಿಂದ ಕಾಡಿನಲ್ಲಿಯೇ ಹೊಟ್ಟೆ ಸೀಳಿ ಒಳಗಿನ ಅಂಗಗಳನ್ನು ತೆಗೆಯುತ್ತಾರೆ. ಚಾಕುವಿನ ಮೊನೆ ಕರುಳಿಗೂ ಮೂತ್ರಕೋಶಕ್ಕೂ ತಾಗಬಾರದು. ತಾಗಿ ಹೊಲಸು ಸೋರಿದರೆ ಆ ಭಾಗದ ಮಾಂಸವನ್ನು ಕತ್ತರಿಸಿ ಎಸೆಯಬೇಕು. ಸೆಕೆಯ ದಿನವಾದರೆ ಹೊಟ್ಟೆಯ ಗೂಡಿನೊಳಗೆ ಮಂಜುಗಡ್ಡೆಯ ಚೀಲ ಇಡುತ್ತಾರೆ. ಆದಷ್ಟು ಬೇಗ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿಸಬೇಕು.

ಸುಮಾರು 70 ಕೆ.ಜಿ. ತೂಗುವ ಜಿಂಕೆಯಿಂದ ಮೂಳೆ ಬಿಟ್ಟು 20ರಿಂದ 25 ಕೆ.ಜಿ. ಮಾಂಸ ಸಿಗುತ್ತದೆ. ಜಿಂಕೆಯ ಕೊಬ್ಬು ಮೇಣದಂತೆ ನಾಲಿಗೆಗೆ ಅಂಟುತ್ತದೆ, ವಾಸನೆಯೂ ಜಾಸ್ತಿ. ಅದನ್ನೂ ಮೇಲಿನ ಬೆಳ್ಳನೆಯ ಪೊರೆಯನ್ನೂ ಬಿಡಿಸಿ ತೆಗೆಯಬೇಕು. ಬೆನ್ನಿನ ಮಾಂಸ ಮೃದು. ಭುಜ, ಕತ್ತಿನ ಮಾಂಸವನ್ನು ಸಣ್ಣ ಉರಿಯಲ್ಲಿ ಹೊತ್ತು ಬೇಯಿಸಬೇಕು. ಉಳಿದದ್ದು ಖೀಮಾಕ್ಕೆ. ಗಾಳಿಯಾಡದಂತೆ ಕಟ್ಟಿ ಮೈನಸ್ 18 ಡಿಗ್ರಿಯಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ.

ಮೂರನೆಯ ಪ್ರಶ್ನೆ: ಗುಂಡು ಯಾವ ಲೋಹದ್ದು?

ಹೆಚ್ಚಿನವರು ಕೇಳಲು ಮರೆಯುವ ಪ್ರಶ್ನೆ ಇದು. ಸಾಮಾನ್ಯ ಗುಂಡಿನೊಳಗೆ ಸೀಸವಿದೆ. ಅದು ಮೈಗೆ ಬಡಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಗಾಯದಿಂದ ದೂರದವರೆಗೂ ಚೆದರುತ್ತದೆ. ತೊಳೆದರೆ ಹೋಗದು, ಬೇಯಿಸಿದರೆ ಕರಗದು. 2008ರಲ್ಲಿ ನಾರ್ತ್ ಡಕೋಟಾ ರಾಜ್ಯದಲ್ಲಿ ಬಡವರಿಗೆಂದು ಬೇಟೆಗಾರರು ದಾನ ಕೊಟ್ಟಿದ್ದ ಜಿಂಕೆ ಖೀಮಾವನ್ನು ಒಬ್ಬ ವೈದ್ಯರು ಸ್ಕ್ಯಾನ್ ಮಾಡಿಸಿದಾಗ ಸೀಸದ ಚೂರುಗಳು ಕಂಡವು. ದಾನದ ಆ ಮಾಂಸವನ್ನು ಎಸೆಯುವಂತೆ ಅಧಿಕಾರಿಗಳು ಸೂಚಿಸಿದರು. ಅದೇ ವರ್ಷ ಅಲ್ಲಿ ನಡೆದ ರಕ್ತಪರೀಕ್ಷೆಯಲ್ಲಿ, ಬೇಟೆಯ ಮಾಂಸ ತಿನ್ನುವವರ ರಕ್ತದಲ್ಲಿ ಸೀಸದ ಅಂಶ ತಿನ್ನದವರಿಗಿಂತ ಸ್ವಲ್ಪ ಹೆಚ್ಚಿರುವುದು ಕಂಡುಬಂತು.

ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಶತ್ರು. ಗರ್ಭದಲ್ಲಿರುವ ಮಗುವನ್ನೂ ಅದು ಬಿಡದು. ಆದ್ದರಿಂದ ಗರ್ಭಿಣಿಯರು ಮತ್ತು ಸಣ್ಣ ಮಕ್ಕಳು ಸೀಸದ ಗುಂಡಿಗೆ ಬಿದ್ದ ಪ್ರಾಣಿಯ ಮಾಂಸದಿಂದ ದೂರವಿರುವುದೇ ಕ್ಷೇಮ. ಖೀಮಾದಲ್ಲಂತೂ ಚೂರುಗಳು ಎಲ್ಲೆಡೆ ಬೆರೆತುಬಿಡುತ್ತವೆ. ತಾಮ್ರದ ಗುಂಡಿನಲ್ಲಿ ಮತ್ತು ಬಾಣದ ಬೇಟೆಯಲ್ಲಿ ಈ ಭಯವಿಲ್ಲ.

ನಾಲ್ಕನೆಯ ಪ್ರಶ್ನೆ: ಪ್ರಾಣಿ ಆರೋಗ್ಯವಾಗಿತ್ತೇ?

ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ಮಿದುಳಿನ ರೋಗವೊಂದಿದೆ. 1967ರಲ್ಲಿ ಕೊಲರಾಡೋದಲ್ಲಿ ಮೊದಲು ಕಂಡ ಇದು 2015ರಲ್ಲಿ ಮಿಷಿಗನ್‌ನ ಕಾಡು ಜಿಂಕೆಗಳಲ್ಲಿಯೂ ಪತ್ತೆಯಾಯಿತು. ಮನುಷ್ಯರಿಗೆ ಹರಡಿದ್ದು ಈವರೆಗೆ ದೃಢಪಟ್ಟಿಲ್ಲ. ಆದರೂ ಬೇಯಿಸಿದರೆ ಇದು ನಾಶವಾಗದು. ಆದ್ದರಿಂದ ರೋಗವಿರುವ ಜಾಗದ ಜಿಂಕೆಯನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬರುವವರೆಗೆ ಮಾಂಸವನ್ನು ತಿನ್ನದೆ ಇಡಬೇಕು. ರೋಗ ಇದೆಯೆಂದಾದರೆ ತಿನ್ನಬಾರದು.

ಇನ್ನು ಅರೆಬೆಂದ ಮಾಂಸದಿಂದ ಬರುವ ಪರೋಪಜೀವಿ ಸೋಂಕು ಗರ್ಭಸ್ಥ ಶಿಶುವಿಗೆ ಅಪಾಯಕಾರಿ. ನಮ್ಮ ಅಡುಗೆಯಲ್ಲಿ ಮಾಂಸ ಚೆನ್ನಾಗಿ ಬೇಯುತ್ತದೆ ಎಂಬುದು ಸಮಾಧಾನದ ಮಾತು. ಖೀಮಾದ ಒಳಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಒಣಮಾಂಸ ಮಾಡುವವರೂ ಮೊದಲು ಅಷ್ಟು ಬಿಸಿ ಮಾಡಿಯೇ ಒಣಗಿಸಬೇಕು.

ನಮ್ಮ ಕಾಡಿನ ಮಾತು

ಇದನ್ನೆಲ್ಲ ಓದಿ ಯಾರೂ ಕೋವಿ ಹಿಡಿದು ಕಾಡಿಗೆ ಹೊರಡಬೇಡಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆ, ಕೃಷ್ಣಮೃಗ ಯಾವುದನ್ನೂ ಬೇಟೆಯಾಡುವಂತಿಲ್ಲ. ಅವುಗಳ ಮಾಂಸವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಅಭಯಾರಣ್ಯದೊಳಗೆ ಬೇಟೆಯಾಡಿದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆವಾಸವಿದೆ. ಕಾಫಿ ತೋಟದ ಬೇಲಿಯಲ್ಲಿ ಹಂದಿಗೆಂದು ಕಟ್ಟಿದ ತಂತಿಯ ಉರುಲಿಗೆ ಚಿರತೆ, ಹುಲಿಗಳು ಸಿಕ್ಕಿ ದಿನವಿಡೀ ನರಳಿ ಸತ್ತಿವೆ. ಯಾರೋ ಗುಟ್ಟಾಗಿ ತಂದುಕೊಟ್ಟ ಮಾಂಸವನ್ನು ಬೇಡವೆನ್ನುವ ಧೈರ್ಯ ಮೊದಲು ಮನೆಯೊಡತಿಗೆ ಇರಬೇಕು. ಒಲೆಗೇರದ ಮಾಂಸಕ್ಕೆ ಯಾರು ತಾನೇ ಉರುಲು ಕಟ್ಟುತ್ತಾರೆ?

ಡಬ್ಬಿ ಮರಳಿದ್ದು ಹೀಗೆ

ತಂಗಿ ನೆರೆಯ ಅಜ್ಜಿಯಲ್ಲಿ ಸಂಕೋಚ ಬಿಟ್ಟು ಕೇಳಿದಳು. ಗುಂಡು ಸೀಸದ್ದೇ. ಮೇಲಾಗಿ ಖೀಮಾ ಮಾಡಿದ ಅಂಗಡಿಯಲ್ಲಿ ನಾಲ್ಕಾರು ಬೇಟೆಗಾರರ ಮಾಂಸ ಒಟ್ಟಿಗೆ ಅರೆಯುತ್ತಿದ್ದರಂತೆ. ಅವಳು ಸುಳ್ಳು ನೆಪ ಹೇಳದೆ, ತಾನು ಗರ್ಭಿಣಿ ಎಂಬುದನ್ನೂ ಮಾಂಸದ ಬಗ್ಗೆ ತನ್ನ ಧರ್ಮದಲ್ಲಿರುವ ನಿಯಮವನ್ನೂ ವಿವರಿಸಿ ಮಾಂಸ ಹಿಂದಿರುಗಿಸಿದಳು. ಡಬ್ಬಿಯನ್ನು ಬರಿದಾಗಿ ಕಳುಹಿಸಬಾರದಲ್ಲ! ತೊಳೆದು, ಗೋಧಿ ಹಲ್ವಾ ತುಂಬಿಸಿ ಕೊಟ್ಟಳು. ಅಜ್ಜಿ ಬೇಸರಿಸಲಿಲ್ಲ. "ನನ್ನ ಸೊಸೆಯೂ ಬಸುರಿ, ಇದನ್ನು ಅವಳಿಗೂ ಹೇಳುತ್ತೇನೆ" ಅಂದರಂತೆ. ಮರುವಾರ ಅದೇ ಡಬ್ಬಿ ಸೇಬು ತುಂಬಿಕೊಂಡು ತಂಗಿಯ ಮನೆಗೆ ಬಂತು.

ಕೇಳಿದರೆ ಕೊಟ್ಟವರಿಗೆ ನೋವಾದೀತು ಎಂದು ನಾವು ಎಷ್ಟೋ ಸಲ ಬಾಯಿಮುಚ್ಚಿ ತಿನ್ನುತ್ತೇವೆ. ವಿನಯದಿಂದ ಕೇಳಿದ ಪ್ರಶ್ನೆ ನೆರೆಹೊರೆಯ ಸಂಬಂಧವನ್ನು ಕೆಡಿಸುವುದಿಲ್ಲ. ತಂಗಿಯ ಆ ಒಂದು ಪ್ರಶ್ನೆ ಎರಡು ಮನೆಗಳ ಮಕ್ಕಳನ್ನು ಕಾಯಿತು.